ನೀರಿನ ಟ್ಯಾಂಕಿನ ಮೇಲೆ ಕುಳಿತಿದ್ದ ತಾಯಿಹದ್ದು

ಪ್ರತಿವರ್ಷ ಮಾರ್ಚ್ ಕಳೆದು ಏಪ್ರಿಲ್ ಹಿಡಿಯುತ್ತಿದ್ದಂತೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ಹಿಂದಿನ ಸಂಜೆ ಗಾಳಿಮಳೆಯಾಗಿದ್ದರಂತೂ ಬೆಳಿಗ್ಗೆ ಏಳು ಗಂಟೆಯೊಳಗೆ ಒಂದಾದರೂ ಕರೆ ಬಂದೇ ಬರುತ್ತದೆ. "ಮೇಡಂ, ನಮ್ಮ ರಸ್ತೆಯಲ್ಲಿ ಹದ್ದಿನ ಮರಿ ಬಿದ್ದಿದೆ. ಪಾಪ, ಅದಕ್ಕೆ ತಾಯಿಯಿಲ್ಲ. ಏನು ತಿನ್ನಿಸಬೇಕು ಹೇಳಿ." ಕರೆ ಮಾಡುವವರಲ್ಲಿ ಕಾಲೇಜು ಹುಡುಗರಿರುತ್ತಾರೆ, ಅಪಾರ್ಟ್‌ಮೆಂಟಿನ ಕಾವಲುಗಾರರಿರುತ್ತಾರೆ, ವಾಕಿಂಗಿಗೆ ಹೊರಟ ಹಿರಿಯರಿರುತ್ತಾರೆ. ಎಲ್ಲರ ದನಿಯಲ್ಲೂ ಒಂದು ನಡುಕವಿರುತ್ತದೆ, ಆ ನಡುಕ ನಿಜವಾದದ್ದು. ನಾನು ಪಶುವೈದ್ಯೆಯಲ್ಲ, ಅರಣ್ಯ ಇಲಾಖೆಯ ನೌಕರಳೂ ಅಲ್ಲ. ಬೆಂಗಳೂರಿನ ಬಸವನಗುಡಿಯ ಕಡೆ ವಾಸವಾಗಿದ್ದು, ಗಾಯಗೊಂಡ ಹಕ್ಕಿಗಳನ್ನು ಪುನರ್ವಸತಿ ಕೇಂದ್ರಕ್ಕೆ ಮುಟ್ಟಿಸುವ ಕೆಲಸದಲ್ಲಿ ಹದಿನೈದು ವರ್ಷಗಳಿಂದ ಕೈಜೋಡಿಸುತ್ತಿರುವವಳು.

ಆ ಮಾತಿನಲ್ಲಿ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವುದು "ತಾಯಿಯಿಲ್ಲ" ಎಂಬ ಭಾಗ. ಮರಿ ಬಿದ್ದಿರುವುದು ಕಣ್ಣಿಗೆ ಕಾಣುವ ಸಂಗತಿ. ತಾಯಿಯಿಲ್ಲವೆಂಬುದು ಹಾಗಲ್ಲ, ಅದು ನಾವು ಊಹಿಸಿಕೊಂಡದ್ದು. ಮರಿಯ ಸುತ್ತ ಹತ್ತು ಜನ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುವಾಗ, ಬೀದಿನಾಯಿಗಳು ಬೊಗಳುತ್ತಿರುವಾಗ, ತಾಯಿಹದ್ದು ಆ ಗುಂಪಿನ ನಡುವೆ ನೆಲಕ್ಕಿಳಿದು ಬರುವುದಿಲ್ಲ. ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೋ ಮೊಬೈಲ್ ಗೋಪುರದ ಕಂಬಿಯ ಮೇಲೋ ಕುಳಿತು ಅದು ನೋಡುತ್ತಿರುತ್ತದೆ. ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಆಟೋ ಹತ್ತಿಸಿ, ನಾವು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿರುತ್ತದೆ. ಆದ್ದರಿಂದ ಕರೆ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬಹಳ ಸರಳವಾದದ್ದು: "ತಲೆಯೆತ್ತಿ ಮೇಲೆ ನೋಡಿದಿರಾ?" ಹೆಚ್ಚಿನವರು ನೋಡಿರುವುದಿಲ್ಲ. ಅವರನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ನಾನು ಒಮ್ಮೆ ಮೇಲೆ ನೋಡಿಯೂ ಕಂಡದ್ದೇನೆಂದು ತಿಳಿಯದೆ ಹೋದವಳು.

ಕೊಬ್ಬರಿ ಅಟ್ಟದ ಮರಿ

1998ರ ಬೇಸಿಗೆಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ತಿಪಟೂರಿನ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿದ್ದೆ. ತೋಟದಲ್ಲಿ ಕಾಯಿ ಕೀಳಿಸುವ ದಿನ. ಹಳೆಯ ಮರವೊಂದರ ಒಣಗಿದ ಸೋಗೆಗಳನ್ನು ಎಳೆದು ಕೆಡವುವಾಗ ಅವುಗಳ ನಡುವೆ ಸಿಕ್ಕಿಕೊಂಡಿದ್ದ ಕಡ್ಡಿಯ ಗೂಡೊಂದು ನೆಲಕ್ಕೆ ಬಿತ್ತು. ಗೂಡಿನಲ್ಲಿ ಎರಡು ಮರಿಗಳಿದ್ದವು. ಒಂದು ಬಿದ್ದ ಪೆಟ್ಟಿಗೇ ಸತ್ತಿತು. ಇನ್ನೊಂದು ಬೊಗಸೆಯಲ್ಲಿ ಹಿಡಿಯುವಷ್ಟಿತ್ತು. ಮೈತುಂಬ ಬೂದುಬಣ್ಣದ ತುಪ್ಪಳ, ತಲೆಯ ಮೇಲೆ ನಸುಬಿಳಿಯ ಕೂದಲಿನಂಥ ಎಳೆಗಳು, ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು. ನಾನು ಲಂಗದ ಮಡಿಲಿನಲ್ಲಿ ಅದನ್ನು ತುಂಬಿಕೊಂಡು ಮನೆಗೆ ತಂದೆ.

ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಮಾಂಸ ತಿನ್ನುವ ಹಕ್ಕಿಯನ್ನು ಎಲ್ಲಿ ಇಡುವುದೆಂದು ದೊಡ್ಡ ಚರ್ಚೆಯಾಗಿ, ಕೊನೆಗೆ ಅಜ್ಜಿ ಕೊಬ್ಬರಿ ಅಟ್ಟವನ್ನು ತೋರಿಸಿದಳು. ನಮ್ಮ ಸೀಮೆಯಲ್ಲಿ ಉಂಡೆಕೊಬ್ಬರಿಯಾಗಲು ಸುಲಿಯದ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ಮಳೆ ಬಿಸಿಲು ಯಾವುದೂ ತಾಗದ, ಮಧ್ಯಾಹ್ನವೂ ನಸುಗತ್ತಲಿರುವ ಜಾಗ ಅದು. ಹಿತ್ತಲ ಕಡೆಯಿಂದ ಏಣಿಯಿತ್ತು, ಅಡುಗೆಮನೆಯ ಹೊಸಿಲು ದಾಟದೆ ಹತ್ತಬಹುದಿತ್ತು. ಮೊದಲ ಎರಡು ದಿನ ಹಾಲು ಅನ್ನ ಕಲಸಿ ತಿನ್ನಿಸಿದೆ. ಅದು ಕಕ್ಕಿತು. ಮೂರನೆಯ ದಿನದಿಂದ ತಮ್ಮ ಯಾರಿಗೂ ಹೇಳದೆ ಸೈಕಲ್ಲಿನಲ್ಲಿ ಹೋಗಿ ಅಂಗಡಿಯಿಂದ ಮಾಂಸ ತರತೊಡಗಿದ. ಎಳೆಯ ಮರಿಯೆಂದು ಹೇಳಿ, ಎಲುಬಿನ ಚೂರೂ ಇಲ್ಲದ ಮೆತ್ತನೆಯ ತುಂಡುಗಳನ್ನೇ ಆರಿಸಿ ತರುತ್ತಿದ್ದ. ನಾನು ಅವುಗಳನ್ನು ಕತ್ತರಿಯಿಂದ ಇನ್ನೂ ಸಣ್ಣಗೆ ಕತ್ತರಿಸಿ, ಬೆಚ್ಚಗಿನ ನೀರಿನಲ್ಲಿ ಅದ್ದಿ, ಬೆರಳ ತುದಿಯಲ್ಲಿ ಹಿಡಿದು ಬಾಯಿಗಿಡುತ್ತಿದ್ದೆ. ಅಷ್ಟು ಆಸ್ಥೆಯಿಂದ ನಾನು ಅದಕ್ಕೂ ಮೊದಲು ಯಾವ ಜೀವಕ್ಕೂ ಉಣಿಸಿರಲಿಲ್ಲ.

ಮರಿ ಬೆಳೆಯಿತು. ನೀಲಿ ಕೊಳವೆಗಳಂಥ ರಕ್ತಗರಿಗಳು ರೆಕ್ಕೆಯಲ್ಲಿ ಮೂಡಿ ಒಂದೊಂದಾಗಿ ಬಿರಿದವು. ಏಣಿಯ ಮೊದಲ ಮೆಟ್ಟಿಲು ಕಿರುಗುಟ್ಟಿದ ಕೂಡಲೇ ಅದು ಕೂಗಲು ಶುರುಮಾಡುತ್ತಿತ್ತು, ನನ್ನ ಮುಖ ಕಂಡರೆ ರೆಕ್ಕೆ ಕೆಳಗಿಳಿಸಿ ಬೇಡುತ್ತಿತ್ತು. ಅದು ನನ್ನನ್ನು ಗುರುತಿಸುತ್ತದೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಐದನೆಯ ವಾರದ ಹೊತ್ತಿಗೆ ಅದು ನಿಲ್ಲುವುದನ್ನು ಬಿಟ್ಟು ಮೊಣಕಾಲ ಮೇಲೆ ಕೂರತೊಡಗಿತು. ಬಲಗಾಲು ಹೊರಕ್ಕೆ ಬಾಗಿತ್ತು. ಒಂದು ಬೆಳಿಗ್ಗೆ ನಾನು ಎತ್ತಿಕೊಂಡಾಗ ರೆಕ್ಕೆಯೊಳಗಿನಿಂದ ಕಡ್ಡಿ ಲಟಕ್ಕೆಂದಂಥ ಸಣ್ಣ ಸದ್ದು ಕೇಳಿಸಿತು. ಅದು ಕೂಗಲಿಲ್ಲ. ನನ್ನನ್ನೇ ನೋಡಿತು. ಪಶುವೈದ್ಯರ ಬಳಿಗೆ ಒಯ್ದೆವು. ಹಸು ಎಮ್ಮೆಗಳನ್ನು ನೋಡುತ್ತಿದ್ದ ಆ ಹಿರಿಯರು ಮರಿಯ ಕಾಲುಗಳನ್ನು ಎರಡು ಬೆರಳುಗಳಿಂದ ಸವರಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಹೇಳಿದೆ. ಬಿಸಿಲಿಗೆ ಬಿಟ್ಟಿದ್ದಿರಾ ಎಂದು ಕೇಳಿದರು. ಅಟ್ಟದ ವಿಷಯ ಹೇಳಿದೆ. ಅವರು ಬಯ್ಯಲಿಲ್ಲ. "ಎಲುಬೇ ಕೊಡದೆ ಸಾಕಿದರೆ ಎಲುಬು ಎಲ್ಲಿಂದ ಬರಬೇಕಮ್ಮ" ಎಂದರು. ನಾಲ್ಕನೆಯ ದಿನ ಅದು ಸತ್ತಿತು. ಗಾಳಿಗೆ ಒಮ್ಮೆಯೂ ತೆರೆದುಕೊಳ್ಳದ ಅದರ ರೆಕ್ಕೆಗಳನ್ನು ಮಡಿಸಿ, ತೋಟದಲ್ಲಿ ಅದರ ಗೂಡಿದ್ದ ಮರದ ಬುಡದಲ್ಲೇ ಹೂಳಿದೆವು.

ಇಲ್ಲಿಯವರೆಗಿನ ಕತೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡ ಭಾಗ ಬೇರೆಯಿದೆ. ಗೂಡು ಬಿದ್ದ ದಿನ ಮತ್ತು ಅದರ ಮರುದಿನ ನಮ್ಮ ತೋಟದ ಮೇಲೆ ಎರಡು ಹದ್ದುಗಳು ಒಂದೇ ಸಮನೆ ಕೂಗುತ್ತ ಸುತ್ತುತ್ತಿದ್ದವು. ಅವು ಕೋಳಿಮರಿಗಳಿಗೆ ಹೊಂಚುಹಾಕುತ್ತಿವೆಯೆಂದು ಪಕ್ಕದ ಮನೆಯವರು ಮರಿಗಳನ್ನೆಲ್ಲ ಮಂಕರಿಯಡಿ ಮುಚ್ಚಿಟ್ಟರು. ನಾನೂ ಅಂಗಳದಲ್ಲಿ ನಿಂತು ಕೈ ಬೀಸಿ ಅವುಗಳನ್ನು ಓಡಿಸಲು ನೋಡಿದೆ. ಅವು ಯಾರೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ, ಬೇರೊಂದು ಮರಿಯ ನೆಪದಲ್ಲಿ. ಆ ಎರಡು ದಿನಗಳಲ್ಲಿ ಒಂದು ಹಳೆಯ ಮಂಕರಿಯನ್ನು ಪಕ್ಕದ ಮರಕ್ಕೆ ಕಟ್ಟಿ ಮರಿಯನ್ನು ಅದರಲ್ಲಿಟ್ಟಿದ್ದರೆ ಅದು ಬದುಕುತ್ತಿತ್ತು. ನಾನು ಅನಾಥವೆಂದುಕೊಂಡು ಎತ್ತಿ ತಂದ ಮರಿ, ನಾನು ಎತ್ತಿ ತಂದದ್ದರಿಂದಲೇ ಅನಾಥವಾಯಿತು.

ಎಲುಬು, ಬಿಸಿಲು, ನೀರು

ಆ ವೈದ್ಯರು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾನು ಆಮೇಲೆ ವಿವರವಾಗಿ ಕಲಿತೆ. ಬರೀ ಮಾಂಸಖಂಡದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಬಹಳ ಹೆಚ್ಚು. ಇವೆರಡರ ಪ್ರಮಾಣ ಸುಮಾರು 1:20. ಬೆಳೆಯುವ ಹಕ್ಕಿಮರಿಗೆ ಬೇಕಾದದ್ದು ಹೆಚ್ಚುಕಡಿಮೆ ಇದರ ತಿರುವು, ರಂಜಕಕ್ಕಿಂತ ಕ್ಯಾಲ್ಸಿಯಂ ಒಂದೂವರೆ ಪಟ್ಟು ಇರಬೇಕು. ಆಹಾರದಲ್ಲಿ ಸಿಗದ ಕ್ಯಾಲ್ಸಿಯಮ್ಮನ್ನು ದೇಹ ಎಲುಬಿನಿಂದಲೇ ಕಿತ್ತು ರಕ್ತಕ್ಕೆ ಒದಗಿಸುತ್ತದೆ. ಬಿಸಿಲು ಬೀಳದಿದ್ದರೆ ಡಿ ಜೀವಸತ್ವವೂ ಸಾಲದೆ ಹೋಗಿ, ಸಿಕ್ಕ ಅಲ್ಪಸ್ವಲ್ಪ ಕ್ಯಾಲ್ಸಿಯಮ್ಮೂ ಮೈಗೆ ಹತ್ತುವುದಿಲ್ಲ. ಹೊರಗೆ ಗರಿ ಬೆಳೆಯುತ್ತದೆ, ತೂಕ ಏರುತ್ತದೆ, ನೋಡುವವರಿಗೆ ಮರಿ ದುಂಡುದುಂಡಾಗಿ ಕಾಣುತ್ತದೆ. ಒಳಗೆ ಎಲುಬು ಹಸಿಕಡ್ಡಿಯಂತೆ ಬಾಗುತ್ತಿರುತ್ತದೆ. ಗೂಡಿನಲ್ಲಿ ತಾಯಿಹದ್ದು ಇಲಿಯನ್ನು, ಓತಿಕ್ಯಾತವನ್ನು, ಮೀನನ್ನು ಮುಳ್ಳು ಎಲುಬು ಕರುಳು ಪಿತ್ತಕೋಶಗಳ ಸಮೇತ ಹರಿದು ಕೊಡುತ್ತದೆ. ಅರಗದ ಕೂದಲು ಗರಿಗಳನ್ನು ಮರಿ ಉಂಡೆಮಾಡಿ ಕಕ್ಕುತ್ತದೆ. ಮೆತ್ತನೆಯ ತುಂಡು ಆರಿಸಿ ಕೊಡುವ ಪ್ರೀತಿ ಯಾವ ಹದ್ದಿಗೂ ಇಲ್ಲ.

ಮೊದಲ ಗಂಟೆಯಲ್ಲಿ ನಡೆಯುವ ತಪ್ಪುಗಳು ಇನ್ನೂ ಬೇಗ ಕೊಲ್ಲುತ್ತವೆ. ಹಕ್ಕಿಗಳ ಶ್ವಾಸದ್ವಾರ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ. ದಾಹವಾಗಿದೆಯೆಂದು ಮುಚ್ಚಳದಿಂದ ಬಾಯಿಗೆ ಸುರಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಯಾವ ಹಕ್ಕಿಗೂ ಅರಗುವುದಿಲ್ಲ. ಮೈ ತಣ್ಣಗಾಗಿ ಬಳಲಿದ ಮರಿಗೆ ಕೂಡಲೇ ಮಾಂಸ ತುರುಕಿದರೆ ಅರಗಿಸುವ ಶಕ್ತಿಯಿಲ್ಲದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಮೊದಲು ಬೆಚ್ಚಗಾಗಬೇಕು, ಆಮೇಲೆ ನೀರಿನಂಶ ತುಂಬಿಕೊಳ್ಳಬೇಕು, ಆಹಾರ ಅದರ ನಂತರದ್ದು. ನುಣುಪಾದ ನೆಲದ ಮೇಲೆ ಬರೀ ವೃತ್ತಪತ್ರಿಕೆ ಹಾಸಿ ಬಿಟ್ಟರೆ ಕಾಲುಗಳು ಎರಡು ಕಡೆಗೆ ಜಾರಿ ಶಾಶ್ವತವಾಗಿ ಅಗಲುತ್ತವೆ. ಹದ್ದಿನ ಆಹಾರವೆಂದು ಹಸಿ ಪಾರಿವಾಳವನ್ನು ಕೊಟ್ಟವರಿದ್ದಾರೆ; ಪಾರಿವಾಳದ ಗಂಟಲಿನಲ್ಲಿರುವ ಪರೋಪಜೀವಿ ಮರಿಯ ಬಾಯಿಯಲ್ಲಿ ಹಳದಿ ಗಡ್ಡೆಗಳಾಗಿ ಬೆಳೆದು ನುಂಗಲಾಗದಂತೆ ಮಾಡುತ್ತದೆ. ಆದ್ದರಿಂದ ಕರೆ ಮಾಡಿದವರಿಗೆ ನಾನು ಹೇಳುವುದಿಷ್ಟು: ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ತಳದಲ್ಲಿ ಸುರುಳಿ ಸುತ್ತಿದ ಬಟ್ಟೆ, ಕತ್ತಲು, ಮೌನ, ಏನನ್ನೂ ತಿನ್ನಿಸಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಈ ಮಾತು ಕೇಳಿದವರಿಗೆ ಕೆಲವೊಮ್ಮೆ ನೋವಾಗುತ್ತದೆ, ತಮ್ಮ ಕರುಣೆಯನ್ನೇ ತಪ್ಪೆಂದಂತಾಯಿತು ಎಂದುಕೊಳ್ಳುತ್ತಾರೆ. ನನ್ನ ಅಟ್ಟದ ಮರಿಯ ಕತೆಯನ್ನು ನಾನು ಹೇಳುವುದು ಅಂಥವರಿಗೆ.

ಮುಖ ಮರೆಸಿಕೊಂಡು ಸಾಕುವುದು

ಏಣಿಯ ಸದ್ದಿಗೇ ಮರಿ ಕೂಗುತ್ತಿದ್ದುದನ್ನು ನಾನು ಅಂದು ಪ್ರೀತಿಯೆಂದು ಭಾವಿಸಿದ್ದೆ. ಅದು ಇನ್ನೊಂದು ಅಪಾಯದ ಗುರುತಾಗಿತ್ತು. ಹಕ್ಕಿಮರಿಗಳು ಬದುಕಿನ ಮೊದಲ ದಿನಗಳಲ್ಲಿ ತಮಗೆ ಉಣಿಸುವ ಮುಖವನ್ನೇ ತಮ್ಮ ಜಾತಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತವೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಬಾತುಕೋಳಿಮರಿಗಳಲ್ಲಿ ಇದನ್ನು ತೋರಿಸಿದರು. 1973ರಲ್ಲಿ ಅವರಿಗೆ ನೊಬೆಲ್ ಬಂತು. ಬಾತಿನ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಅಚ್ಚೊತ್ತಿಕೊಂಡರೆ, ಕಣ್ಣು ನಿಚ್ಚಳವಾಗಲು ಸಮಯ ಹಿಡಿಯುವ ಬೇಟೆಹಕ್ಕಿಗಳಲ್ಲಿ ಅದು ವಾರಗಳ ಲೆಕ್ಕದಲ್ಲಿ ನಡೆಯುತ್ತದೆ. ಹಾಗೆ ಮನುಷ್ಯರನ್ನು ಅಚ್ಚೊತ್ತಿಕೊಂಡ ಹದ್ದು ದೊಡ್ಡದಾದ ಮೇಲೆ ಜೊತೆಗಾರನನ್ನು ಹುಡುಕುವುದೂ ಮನುಷ್ಯರಲ್ಲೇ, ತನ್ನ ಸೀಮೆಯನ್ನು ಕಾಯಲು ಮೇಲೆ ಬೀಳುವುದೂ ಮನುಷ್ಯರ ಮೇಲೆಯೇ. ಆಗಸಕ್ಕೆ ಬಿಟ್ಟರೂ ಅದು ಯಾರದೋ ಬಾಲ್ಕನಿಗೆ ಇಳಿದು ಬೇಡುತ್ತದೆ, ಕಲ್ಲೇಟು ತಿನ್ನುತ್ತದೆ.

ಗೂಡಿನಿಂದ ಎತ್ತಿ ತಂದ ಮರಿ ಬೆಳೆದ ಮೇಲೂ ಸಾಕಿದವನನ್ನು ಕಂಡರೆ ಕಿರುಚುವುದನ್ನು ಬಿಡುವುದಿಲ್ಲವೆಂಬುದು ಗಿಡುಗಗಳನ್ನು ಪಳಗಿಸಿ ಬೇಟೆ ಆಡುತ್ತಿದ್ದವರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ನಮ್ಮ ನೆಲದಲ್ಲಿ ಆ ವಿದ್ಯೆಗೆ ದೊಡ್ಡ ಚರಿತ್ರೆಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ರಾಜರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವನ್ನೂ, ಎಂದರೆ ಗಿಡುಗದ ಬೇಟೆಯನ್ನೂ, ವರ್ಣಿಸಿದ್ದಾನೆ. ಗಿಡುಗ, ಡೇಗೆ, ಬೈರಿ, ಸಾಳುವ ಎಂದು ಕನ್ನಡದಲ್ಲಿ ಬೇಟೆಹಕ್ಕಿಗಳಿಗೆ ಎಷ್ಟೊಂದು ಹೆಸರುಗಳಿವೆ. ವಿಜಯನಗರವನ್ನಾಳಿದ ಒಂದು ವಂಶದ ಹೆಸರೇ ಸಾಳುವ. ಹದ್ದು ಮಾತ್ರ ಆ ಗೌರವದ ಪಟ್ಟಿಗೆ ಎಂದೂ ಸೇರಲಿಲ್ಲ. ಗರುಡ ಕಂಡರೆ ಕೆನ್ನೆ ಬಡಿದುಕೊಂಡು ಕೈಮುಗಿಯುವವರು ಹದ್ದು ಕಂಡರೆ ಕೈ ಬೀಸುತ್ತಾರೆ. ಆದರೆ ದಖ್ಖನಿನ ಹಕ್ಕಿಗಳ ಪಟ್ಟಿ ಮಾಡಿದ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1832ರಲ್ಲಿ ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ಗೋವಿಂದನಿದ್ದಾನೆ. ನಮ್ಮ ಬೀದಿಗಳ ಮೇಲೆ ಸುತ್ತುವ ಈ ಹಕ್ಕಿಯ ಉಪಜಾತಿಗೆ ಇಂದಿಗೂ ಅದೇ ಹೆಸರು.

ಮನುಷ್ಯಮುಖ ಕಾಣಿಸದೆ ಮರಿ ಸಾಕುವ ಪ್ರಯತ್ನಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ರಣಹದ್ದುಗಳ ಕತೆ. 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡರನ್ನೂ ಹಿಡಿದು ತಂದಾಗ ಆ ಜಾತಿಯಲ್ಲಿ ಒಟ್ಟು ಉಳಿದಿದ್ದವು 27 ಹಕ್ಕಿಗಳು. ಮರಿಗಳಿಗೆ ಉಣಿಸಲು ಕಾಂಡರಿನ ತಲೆಯಂತೆಯೇ ಮಾಡಿದ ಕೈಗೊಂಬೆಯನ್ನು ಬಳಸಿದರು. ಸಾಕುವವರು ಮರೆಯಲ್ಲಿ ನಿಂತು ಕೈಯನ್ನಷ್ಟೇ ಒಳಗೆ ಚಾಚುತ್ತಿದ್ದರು. 1992ರಿಂದ ಹಕ್ಕಿಗಳನ್ನು ಕಾಡಿಗೆ ಬಿಡತೊಡಗಿದರು. ಆದರೆ ಹಾಗೆ ಬೆಳೆದ ಎಳೆಯ ಕಾಂಡರ್‌ಗಳಲ್ಲಿ ಕೆಲವು ಮನೆಗಳ ಮಾಡಿನ ಮೇಲೆ ಬಂದು ಕೂತವು, ಜನರ ಹತ್ತಿರ ಸುಳಿದವು. ಗೊಂಬೆ ಉಣಿಸಬಲ್ಲದು, ಗದರಿಸಲಾರದು. ಹಿರಿಯ ಹಕ್ಕಿಗಳ ಜೊತೆಯಲ್ಲಿ ಬೆಳೆದ ಮರಿಗಳೇ ಹೆಚ್ಚು ಎಚ್ಚರದಿಂದ ಬಾಳುವುದು ಕಂಡುಬಂದ ಮೇಲೆ ಅಲ್ಲಿಯೂ ಮರಿಗಳನ್ನು ಆದಷ್ಟೂ ಹಕ್ಕಿಗಳ ಕೈಗೇ ಒಪ್ಪಿಸಲು ಶುರುಮಾಡಿದರು. ಒಂದೊಂದು ಮರಿಯೂ ಒಂದು ಜಾತಿಯ ಅಳಿವು ಉಳಿವನ್ನು ಹೊತ್ತಿದ್ದ ಕಡೆಯಲ್ಲೇ, ಹಣಕ್ಕೂ ಪರಿಣತಿಗೂ ಕೊರತೆಯಿಲ್ಲದ ಕಡೆಯಲ್ಲೇ, ತಾಯಿಹಕ್ಕಿಯ ಜಾಗವನ್ನು ಮನುಷ್ಯನ ಕೈ ಪೂರ್ತಿಯಾಗಿ ತುಂಬಲಾರದೆ ಹೋಯಿತು. ಕೊಬ್ಬರಿ ಅಟ್ಟದಲ್ಲಿ ಅದನ್ನು ತುಂಬಿಬಿಡುತ್ತೇನೆಂದು ಹದಿನೇಳು ವರ್ಷದ ನಾನು ಹೊರಟಿದ್ದೆ.

ಬಿದಿರಬುಟ್ಟಿ

ಈಗ ಬೆಂಗಳೂರಿನ ಮರಿಯ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮಧ್ಯದ ಒಂದು ಸಂಜೆ ಮಾವಿನ ಹೊಯ್ಲಿನ ಮಳೆ ಗಾಳಿಯೊಡನೆ ಸುರಿದು, ನಮ್ಮ ಮನೆಯಿಂದ ಎರಡು ರಸ್ತೆಯಾಚೆಯ ನೀಲಗಿರಿ ಮರದ ಕೊಂಬೆ ಮುರಿದುಬಿದ್ದಿತ್ತು. ಕೊಂಬೆಯ ಜೊತೆಗೆ ಗೂಡೂ ಬಿದ್ದಿತ್ತು. ಬಯಲುಸೀಮೆಯ ಹಳ್ಳಿಯ ಗೂಡಿನಂತೆ ಬರೀ ಕಡ್ಡಿಯದಲ್ಲ. ವಿದ್ಯುತ್ ತಂತಿಯ ತುಂಡುಗಳು, ಪಾತ್ರೆ ತಿಕ್ಕುವ ಉಕ್ಕಿನ ನಾರು, ಹರಿದ ಪಂಚೆಯ ಕೆಂಪು ಅಂಚು, ಹಾಲಿನ ಪೊಟ್ಟಣ ಎಲ್ಲವನ್ನೂ ಸೇರಿಸಿ ಹೆಣೆದಿದ್ದ ನಗರದ ಗೂಡು. ನಾನು ಹೋಗುವ ಹೊತ್ತಿಗೆ ಕಾವಲುಗಾರ ಮರಿಯನ್ನು ಪೆಟ್ಟಿಗೆಯಲ್ಲಿಟ್ಟು ಎದುರಿಗೆ ಒಂದು ತಟ್ಟೆ ಹಾಲನ್ನವನ್ನು ಇಟ್ಟಿದ್ದ. ಆ ತಟ್ಟೆಯನ್ನು ಕಂಡಾಗ ನನಗೆ ಮಾತು ಹೊರಡಲಿಲ್ಲ. ಮರಿ ಅದನ್ನು ಮುಟ್ಟಿರಲಿಲ್ಲ, ಅದೊಂದು ಪುಣ್ಯ.

ಅದನ್ನು ಎತ್ತಿ ಹೊರಡುವ ಮೊದಲು ತಲೆಯೆತ್ತಿ ನೋಡಿದೆ. ಎದುರಿನ ಮೂರಂತಸ್ತಿನ ಮನೆಯ ಕಪ್ಪು ನೀರಿನ ಟ್ಯಾಂಕಿನ ಮೇಲೆ ಒಂದು ಹದ್ದು ಮೈಯೆಲ್ಲ ತೊಯ್ದು ಕುಳಿತಿತ್ತು. ನಾನು ಪೆಟ್ಟಿಗೆಯನ್ನು ಕೈಗೆತ್ತಿಕೊಂಡದ್ದೇ ತಡ, ಅದು ರೆಕ್ಕೆ ಮಡಿಸಿ ನೇರ ನನ್ನ ತಲೆಯ ಕಡೆಗೆ ಧುಮುಕಿ, ಕೂದಲಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದು ಮೇಲೇರಿತು. ಸುತ್ತ ನಿಂತಿದ್ದವರು ಚೀರಿ ಹಿಂದೆ ಸರಿದರು. ತಿಪಟೂರಿನ ತೋಟದ ಮೇಲೆ ಎರಡು ದಿನ ಕೂಗಿದ ಹದ್ದುಗಳು ಯಾವುವೆಂದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ, ಮಳೆನೀರು ತೊಟ್ಟಿಕ್ಕುತ್ತಿದ್ದ ಆ ಬೀದಿಯಲ್ಲಿ ನಿಂತಿದ್ದಾಗ. ನನ್ನ ಜೊತೆಗಿದ್ದ ಸ್ವಯಂಸೇವಕಿ, ನನಗಿಂತ ಎಷ್ಟೋ ಚಿಕ್ಕವಳು, ಮೇಲೆ ನೋಡಿ ಸಮಾಧಾನದಿಂದ ಹೇಳಿದಳು: "ಒಳ್ಳೆಯದಾಯಿತು. ಇದಕ್ಕೆ ತಾಯಿಯಿದೆ."

ಮರಿ 310 ಗ್ರಾಂ ತೂಗಿತು, ಸುಮಾರು ಎರಡು ವಾರದ್ದು. ಕೇಂದ್ರದಲ್ಲಿ ಎಕ್ಸ್‌ರೇ ತೆಗೆದರು, ಎಲುಬು ಮುರಿದಿರಲಿಲ್ಲ. ಬೆಚ್ಚಗಿಟ್ಟು, ಚರ್ಮದಡಿಗೆ ದ್ರವ ಕೊಟ್ಟು, ಮರುದಿನ ಎಲುಬುಸಹಿತ ಅರೆದ ಆಹಾರವನ್ನು ಬಟ್ಟೆಯ ಪರದೆಯ ಹಿಂದಿನಿಂದ ಇಕ್ಕಳದಲ್ಲಿ ಚಾಚಿದರು. ಯಾರೂ ಅದರೊಡನೆ ಮಾತನಾಡಲಿಲ್ಲ, ಹೆಸರಿಡಲಿಲ್ಲ. ಎರಡು ರಾತ್ರಿ ಕಳೆದ ಮೇಲೆ ಅದನ್ನು ಮರಕ್ಕೆ ಮರಳಿಸುವುದೆಂದು ತೀರ್ಮಾನವಾಯಿತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಎಲ್ಲ ಕಡೆ ಇದೆ. ಹದ್ದಿನ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ. ಹದ್ದು ಮರಿಯನ್ನು ಗುರುತಿಸುವುದು ಮೂಸಿಯಲ್ಲ. ತನ್ನ ಗೂಡಿದ್ದ ಜಾಗದಲ್ಲಿ ಬಾಯ್ದೆರೆದು ಕೂಗುವ ಮರಿ ಅದರ ಮರಿ. ಈ ಗುಣವಿರುವುದರಿಂದಲೇ ನಿಜವಾಗಿ ಹೆತ್ತವರನ್ನು ಕಳೆದುಕೊಂಡ ಮರಿಯನ್ನು ಅದೇ ವಯಸ್ಸಿನ ಮರಿಗಳಿರುವ ಬೇರೊಂದು ಗೂಡಿಗೆ ಸೇರಿಸಿ ಬೆಳೆಸಲೂ ಸಾಧ್ಯವಾಗುತ್ತದೆ.

ಗಾಂಧಿ ಬಜಾರಿನಲ್ಲಿ ಹೂವಿನವರು ಬಳಸುವಂಥ ಅಗಲವಾದ ಬಿದಿರಬುಟ್ಟಿಯೊಂದನ್ನು ಕೊಂಡೆವು. ಮಳೆನೀರು ನಿಲ್ಲದಂತೆ ತಳದಲ್ಲಿ ತೂತು ಮಾಡಿ, ಬಿದ್ದಿದ್ದ ಗೂಡಿನ ಕಡ್ಡಿಗಳನ್ನೇ ಆರಿಸಿ ಒಳಗೆ ಹಾಸಿದೆವು. ತಂತಿ ಪ್ಲಾಸ್ಟಿಕ್ಕುಗಳನ್ನು ಬಿಟ್ಟೆವು, ಪಂಚೆಯ ಕೆಂಪು ಅಂಚನ್ನು ಮಾತ್ರ ಇಟ್ಟೆವು. ಮರ ಹತ್ತುವುದರಲ್ಲಿ ಪಳಗಿದ್ದ ಯುವಕನೊಬ್ಬ ಹೆಲ್ಮೆಟ್ ತೊಟ್ಟು, ಮುರಿದ ಕೊಂಬೆಯ ಕೆಳಗಿನ ಕವಲಿಗೆ ಬುಟ್ಟಿಯನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದ. ಅವನು ಮೇಲಿದ್ದ ಇಪ್ಪತ್ತು ನಿಮಿಷಗಳಲ್ಲಿ ಎರಡು ಹದ್ದುಗಳು ಸರದಿಯಂತೆ ಎರಗಿ, ಒಂದಂತೂ ಹೆಲ್ಮೆಟ್ಟಿನ ಮೇಲೆ ಮೂರು ಗೀರು ಎಳೆದು ಹೋಯಿತು. ಅವನು ಇಳಿದು ಬಂದು ಆ ಗೀರುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡ.

ಬೆಳಿಗ್ಗೆ 6.10ಕ್ಕೆ ಬುಟ್ಟಿಯಲ್ಲಿ ಮರಿಯನ್ನಿಟ್ಟು ಎಲ್ಲರೂ ದೂರ ಸರಿದೆವು. ನಾನು ಒಬ್ಬರ ಮನೆಯ ಮೊದಲ ಮಹಡಿಯ ಕಿಟಕಿಯ ಹಿಂದೆ ಕುಳಿತೆ. ಏಳಾಯಿತು, ಎಂಟಾಯಿತು. ಹದ್ದುಗಳು ಮರದ ಮೇಲೆ ಸುತ್ತಿ ಸುತ್ತಿ ಮತ್ತೆ ಟ್ಯಾಂಕಿನ ಮೇಲೆ ಹೋಗಿ ಕೂರುತ್ತಿದ್ದವು. ಬುಟ್ಟಿಯ ಅಂಚಿನ ಮೇಲೆ ಒಂದು ಕಾಗೆ ಬಂದು ಕೂತಿತು. ಎಲ್ಲಿತ್ತೋ, ಗಂಡುಹದ್ದು ಬಾಣದಂತೆ ಬಂದು ಅದನ್ನು ಅಟ್ಟಿಸಿಕೊಂಡು ಹೋಯಿತು, ಆದರೆ ಬುಟ್ಟಿಗೆ ಇಳಿಯಲಿಲ್ಲ. ಒಂಬತ್ತೂವರೆಗೆ ಬಿಸಿಲು ಬುಟ್ಟಿಯ ಮೇಲೆ ಬಿತ್ತು. ಮರಿ ಬಾಯ್ತೆರೆದು ಏದತೊಡಗಿದ್ದು ದುರ್ಬೀನಿನಲ್ಲಿ ಕಾಣುತ್ತಿತ್ತು. ಹೋಗಿ ಇಳಿಸಿಬಿಡೋಣವೇ ಎಂದು ನಾನು ಎರಡು ಸಲ ಎದ್ದೆ. ಸುಮ್ಮನೆ ಕುಳಿತಿರುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಆ ಹದಿನೈದು ವರ್ಷಗಳಲ್ಲಿ ಮಾಡಿಲ್ಲ. 11.40ಕ್ಕೆ ಮರಿ ಕತ್ತು ಮೇಲೆತ್ತಿ ನಡುಗುವ ದನಿಯಲ್ಲಿ ಉದ್ದವಾಗಿ ಕೂಗಿತು. ಟ್ಯಾಂಕಿನ ಮೇಲಿದ್ದ ಹದ್ದು ಕತ್ತು ಹೊರಳಿಸಿತು, ಹಾರಿತು, ಬುಟ್ಟಿಯ ಪಕ್ಕದ ಕೊಂಬೆಗೆ ಇಳಿದು, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಇಡುತ್ತ ಅಂಚಿಗೆ ಬಂತು. ಬಗ್ಗಿ ಒಳಗೆ ನೋಡಿತು. ಪಂಚೆಯ ಕೆಂಪು ಅಂಚನ್ನು ಕೊಕ್ಕಿನಲ್ಲಿ ಹಿಡಿದು ಆ ಬದಿಯಿಂದ ಈ ಬದಿಗೆ ಎಳೆದಿಟ್ಟಿತು. ಆಮೇಲೆ ರೆಕ್ಕೆಗಳನ್ನು ಅರ್ಧ ಬಿಡಿಸಿ, ಬಿಸಿಲಿಗೆ ಅಡ್ಡವಾಗಿ, ಮರಿಯ ಮೇಲೆ ನೆರಳು ಬೀಳುವಂತೆ ನಿಂತುಕೊಂಡಿತು. ಹನ್ನೆರಡು ದಾಟುವ ಹೊತ್ತಿಗೆ ಗಂಡು ಎಲ್ಲಿಂದಲೋ ಮೀನಿನ ತಲೆಯೊಂದನ್ನು ತಂದು ಕೊಟ್ಟಿತು. ತಾಯಿ ಅದನ್ನು ಉಗುರಿನಡಿ ಒತ್ತಿ ಹಿಡಿದು, ಮುಳ್ಳು ಕಿವಿರುಗಳ ಸಮೇತ ಹರಿದು, ತುಂಡು ತುಂಡಾಗಿ ಬಾಯಿಗಿಟ್ಟಿತು.

ಹಾರಿದ ಮೇಲಿನ ದಿನಗಳು

ಎಲ್ಲ ಮರಿಗಳಿಗೂ ಹೀಗಾಗುವುದಿಲ್ಲ. ಗಾಜಿನ ಪುಡಿ ಮೆತ್ತಿದ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು, ವಿದ್ಯುತ್ ತಂತಿಗೆ ತಗುಲಿ ಹೆತ್ತ ಹಕ್ಕಿಗಳು ಸಾಯುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ಮಾಂಜಾವನ್ನು ನಿಷೇಧಿಸಿದರೂ ಆಷಾಢದ ಗಾಳಿ ಬೀಸಿದೊಡನೆ ಅದು ನಮ್ಮ ಮರಗಳಲ್ಲಿ ಜೋತಾಡುತ್ತದೆ. ಆಗಷ್ಟೇ ಹಾರಲು ಕಲಿತ ಮರಿಗಳು ಅದಕ್ಕೇ ಸಿಕ್ಕಿಕೊಳ್ಳುತ್ತವೆ. ಗೂಬೆಮರಿಗಳ ಪಾಡು ಇನ್ನೂ ಬೇರೆ. ಗೂಬೆಯ ಜಾತಿಯದೇ ಆದ ಹಾಲಕ್ಕಿ ಶುಭ ನುಡಿಯುತ್ತದೆಂದು ಬುಡುಬುಡಿಕೆಯವನ ಬಾಯಲ್ಲಿ ಕೇಳಿ ತಲೆದೂಗುವ ನಾವು, ಕಟ್ಟಡದ ಸಂದಿಯಲ್ಲಿ ಕಣಜಗೂಬೆ ಮರಿಯಿಟ್ಟರೆ ಅಪಶಕುನವೆಂದು ಒಳಗೆ ಮರಿಗಳಿರುವಾಗಲೇ ಬಲೆ ಹೊಡೆಸುತ್ತೇವೆ. ಅಂಥ ಮರಿಗಳಿಗೆ ಆಸ್ಪತ್ರೆ ಬೇಕೇ ಬೇಕು. ಕೆಂಗೇರಿಯ ಕಡೆ 1996ರಿಂದ ನಡೆಯುತ್ತಿರುವ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಯಂಥವು ಈ ನಗರದಲ್ಲಿರುವುದು ಎಷ್ಟು ದೊಡ್ಡ ಭಾಗ್ಯವೆಂಬುದು ಸುತ್ತ ನೂರು ಕಿಲೋಮೀಟರ್ ಹಕ್ಕಿಗಳ ವೈದ್ಯರಿಲ್ಲದ ಊರಿನಲ್ಲಿ ಮರಿ ಸಾಯಿಸಿಕೊಂಡವರಿಗೆ ತಿಳಿಯುತ್ತದೆ. ಆದರೂ ಅಲ್ಲಿ ದುಡಿಯುವವರೂ ಮೊದಲು ಕೇಳುವುದು ಮರವೆಲ್ಲಿ, ಗೂಡೆಲ್ಲಿ ಎಂದೇ.

ಅದಕ್ಕೆ ಕಾರಣ ಹಾರಿದ ಮೇಲಿನ ದಿನಗಳು. ಹದ್ದಿನ ಮರಿ ಆರೇಳು ವಾರಕ್ಕೆ ಗೂಡು ಬಿಡುತ್ತದೆ. ಆದರೆ ಆಮೇಲೂ ಕೆಲವು ವಾರ ಹೆತ್ತವರ ಹಿಂದೆಯೇ ಸುತ್ತುತ್ತದೆ. ಯಾವ ಹೊತ್ತಿಗೆ ಕಾದ ರಸ್ತೆಯ ಮೇಲಿಂದ ಬಿಸಿಗಾಳಿ ಏಳುತ್ತದೆ, ಯಾವ ಮಾಂಸದಂಗಡಿಯವರು ಬೆಳಿಗ್ಗೆ ಕರುಳು ಎಸೆಯುತ್ತಾರೆ, ಯಾವ ತಂತಿಯ ಮೇಲೆ ಕೂರಬಾರದು ಎಂಬುದನ್ನೆಲ್ಲ ಆಗ ಕಲಿಯುತ್ತದೆ. ಎಷ್ಟು ದೊಡ್ಡ ಪಂಜರ ಕಟ್ಟಿದರೂ ನಾವು ಅದಕ್ಕೆ ರೆಕ್ಕೆಯ ಬಲ ಕೊಡಬಲ್ಲೆವು, ಈ ಊರನ್ನು ಕಲಿಸಲಾರೆವು.

ನಮ್ಮ ನೀಲಗಿರಿ ಮರದ ಮರಿ ಮೇ ತಿಂಗಳ ಕೊನೆಯ ಹೊತ್ತಿಗೆ ಬುಟ್ಟಿಯ ಅಂಚಿನ ಮೇಲೆ ನಿಂತು ಗಾಳಿಗೆ ಮುಖಕೊಟ್ಟು ರೆಕ್ಕೆ ಬಡಿಯುತ್ತಿತ್ತು. ಕಾಲುಗಳು ಎರಡೂ ನೇರವಾಗಿದ್ದವು. ನಾನು ಪ್ರತಿದಿನವೂ ಮೊದಲು ನೋಡುತ್ತಿದ್ದದ್ದು ಅವನ್ನೇ. ಒಂದು ಬೆಳಿಗ್ಗೆ ಬುಟ್ಟಿ ಖಾಲಿಯಿತ್ತು. ಎದುರಿನ ಟ್ಯಾಂಕಿನ ಮೇಲೆ ಮೂರು ಹದ್ದುಗಳಿದ್ದವು, ಮೂರನೆಯದರ ಎದೆಯ ಮೇಲೆ ಎಳೆಹದ್ದುಗಳಿಗಿರುವ ನಸುಹಳದಿ ಗೆರೆಗಳಿದ್ದವು. ನಾನು ಕೆಳಗಿನ ಬೀದಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಅದು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಬುಟ್ಟಿಯನ್ನು ಇಳಿಸುವ ಕೆಲಸ ಹಾಗೆಯೇ ಉಳಿದುಹೋಯಿತು. ಮಳೆಗಾಲ ಕಳೆದು ಬಿದಿರು ಕಪ್ಪಾಯಿತು. ಮುಂದಿನ ಜನವರಿಯ ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದರೆ, ಒಂದು ಹದ್ದು ಕವಲಿನ ಮೇಲೆ ಕುಳಿತು ನಾವು ಬಿಗಿದಿದ್ದ ತೆಂಗಿನ ನಾರಿನ ಹಗ್ಗವನ್ನು ಕೊಕ್ಕಿನಿಂದ ಜಗ್ಗುತ್ತಿತ್ತು. ಕಾಲು ಊರಿ, ಕತ್ತು ಓರೆಮಾಡಿ, ಎಳೆ ಎಳೆಯಾಗಿ ಬಿಚ್ಚಿ, ಕೊನೆಗೆ ಮಾರುದ್ದದ ಒಂದು ತುಂಡನ್ನು ಹರಿದುಕೊಂಡು, ಮೂರು ಮನೆಗಳಾಚೆಯ ಮಳೆಮರದಲ್ಲಿ ಕಟ್ಟತೊಡಗಿದ್ದ ಹೊಸ ಗೂಡಿನ ಕಡೆಗೆ ಹಾರಿತು.